ಆರು ವರ್ಷ ದುಡಿದ 550 ವ್ಯಾಟ್ ಎಸ್‌ಎಂಪಿಎಸ್: ಬಳಕೆಯ ಅನುಭವ ಮತ್ತು ಕೊನೆಯ ತಿಂಗಳುಗಳ ತಪಾಸಣೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 2017ರ ಅಕ್ಟೋಬರ್‌ನಲ್ಲಿ ಕೊಂಡ, 80 ಪ್ಲಸ್ ಬ್ರಾಂಜ್ ದರ್ಜೆಯ 550 ವ್ಯಾಟ್ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜುಗಳಿಗೆ ಇಳಿಸಿ ಕೊಡುವ ಪೆಟ್ಟಿಗೆ) ಒಂದನ್ನು 2024ರ ಫೆಬ್ರುವರಿಯಲ್ಲಿ ಕ್ಯಾಬಿನೆಟ್‌ನಿಂದ ಬಿಚ್ಚಿ ತೆಗೆದೆ. ಈ ಅವಧಿಯ ಮೊದಲ ಐದು ಮುಕ್ಕಾಲು ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಅಂಥದ್ದೊಂದು ಪೆಟ್ಟಿಗೆ ಒಳಗಿದೆ ಎಂಬುದೇ ನೆನಪಿಗೆ ಬಾರದಂತೆ ಅದು ಕೆಲಸ ಮಾಡಿತು. ಕೊನೆಯ ಏಳು ತಿಂಗಳಲ್ಲಿ ಮಾತ್ರ ಅದು ತನ್ನ ದೋಷವನ್ನು ಮೊದಲು ಯುಪಿಎಸ್ ಮೇಲೆ, ಆಮೇಲೆ ರ‍್ಯಾಮ್ ಮೇಲೆ, ಕಡೆಗೆ ಮದರ್‌ಬೋರ್ಡ್ ಮೇಲೆ ಹೊರಿಸುತ್ತಾ ಬಂದಿತು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಲಕ್ಷಣಗಳು ವಯಸ್ಸಾದ ಯಾವ ಎಸ್‌ಎಂಪಿಎಸ್‌ನಲ್ಲಾದರೂ ಕಾಣಿಸಿಕೊಳ್ಳಬಹುದು.

ಶಿವಮೊಗ್ಗದ ನಮ್ಮ ಮನೆಯಲ್ಲಿರುವ ಈ ಡೆಸ್ಕ್‌ಟಾಪ್ ಅನ್ನು ನಾನೇ ಬಿಡಿಭಾಗ ತಂದು ಜೋಡಿಸಿದ್ದೇನೆ. ರೈಜನ್ 5 1600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಮೊದಲಿಗೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 2021ರ ಕೊನೆಯಿಂದ ಆರ್‌ಟಿಎಕ್ಸ್ 3060. ಪ್ರೊಸೆಸರ್‌ಗೆ 65 ವ್ಯಾಟ್, ಹೊಸ ಕಾರ್ಡಿಗೆ 170 ವ್ಯಾಟ್ ಎಂದು ಲೆಕ್ಕ ಹಿಡಿದು ಉಳಿದದ್ದನ್ನೆಲ್ಲ ಸೇರಿಸಿದರೂ 300 ವ್ಯಾಟಿನ ಆಸುಪಾಸಿಗೆ ನಿಲ್ಲುವುದರಿಂದ 550 ಧಾರಾಳವಾಯಿತು ಎಂದೇ ನಾನು ನಂಬಿದ್ದೆ, ಆ ಲೆಕ್ಕ ತಪ್ಪೂ ಅಲ್ಲ. ಪುಸ್ತಕಗಳ ಪುಟವಿನ್ಯಾಸ ನನ್ನ ಮುಖ್ಯ ಕೆಲಸ. ಜೊತೆಗೆ ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ಸಂಕಲಿಸಿ ಕೊಡುತ್ತೇನೆ, ಇಡೀ ರಾತ್ರಿಯ ಆಟವಾದರೆ ರೆಂಡರ್ ಆಗಲು, ಅಂದರೆ ಸಂಕಲಿಸಿದ್ದೆಲ್ಲ ಅಂತಿಮ ಕಡತವಾಗಿ ಹೊರಬರಲು, ಐದಾರು ಗಂಟೆ ಬೇಕು. ಯಂತ್ರದ ಮೇಲೆ ನಿಜವಾದ ಭಾರ ಬೀಳುವುದು ಆಗಲೇ.

ಮೊದಲ ಸೂಚನೆ ಸಿಕ್ಕಿದ್ದು 2023ರ ಜುಲೈನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಇಲ್ಲಿ ಹೊಸದೇನಲ್ಲ, ಯುಪಿಎಸ್ ಅದನ್ನು ಸಂಭಾಳಿಸುತ್ತಲೇ ಇತ್ತು. ಆ ವರ್ಷ ಮಾತ್ರ ಕರೆಂಟು ಹೋದ ಕ್ಷಣಕ್ಕೆ ಯುಪಿಎಸ್ ಕೂಗಿಕೊಂಡರೂ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತು, ಅದೇ ಯುಪಿಎಸ್‌ಗೆ ಸಿಕ್ಕಿಸಿದ ಮಾನಿಟರ್ ಮಾತ್ರ ಮಿನುಗಲೂ ಇಲ್ಲ. ಈ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡೂ ಗಮನಿಸಲಿಲ್ಲ. ಯುಪಿಎಸ್ ಬ್ಯಾಟರಿ ಮುಗಿದಿದೆ ಎಂದು ತೀರ್ಮಾನಿಸಿ ಹೊಸ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಹಾಕಿಸಿದೆ. ಫಲ ಸೊನ್ನೆ.

ಇದರ ಕಾರಣ ಆಮೇಲೆ ತಿಳಿಯಿತು. ಮನೆಗಳಲ್ಲಿ ಬಳಸುವ ಯುಪಿಎಸ್ ಕರೆಂಟಿನಿಂದ ಬ್ಯಾಟರಿಗೆ ಹೊರಳಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಅವಧಿಯನ್ನು ಎಸ್‌ಎಂಪಿಎಸ್ ತನ್ನ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯಿಂದಲೇ ದಾಟಬೇಕು, ಸರಿಯಾಗಿರುವ ಘಟಕವಾದರೆ ಸುಮಾರು 16 ಮಿಲಿಸೆಕೆಂಡ್ ತಾಳಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಕೆಪಾಸಿಟರ್ ತನ್ನ ಧಾರಣಶಕ್ತಿ ಕಳೆದುಕೊಂಡಂತೆ ಈ ತಾಳಿಕೆ ಕುಗ್ಗುತ್ತಾ ಹೋಗಿ, ಒಂದು ದಿನ ಯುಪಿಎಸ್ ಹೊರಳುವಷ್ಟು ಹೊತ್ತಿಗೂ ಸಾಲದಾಗುತ್ತದೆ. ಯುಪಿಎಸ್ ಇದ್ದೂ ಕಂಪ್ಯೂಟರ್ ಒಂದೇ ಆರುತ್ತಿದ್ದರೆ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಎಸ್‌ಎಂಪಿಎಸ್ ವಯಸ್ಸನ್ನು ಕೇಳಿಕೊಳ್ಳುವುದು ಒಳ್ಳೆಯದು.

ಡಿಸೆಂಬರ್‌ನ ಚಳಿಯಲ್ಲಿ ಇನ್ನೊಂದು ಲಕ್ಷಣ ಸೇರಿಕೊಂಡಿತು. ಬೆಳಗ್ಗೆ ಬಟನ್ ಒತ್ತಿದರೆ ಫ್ಯಾನುಗಳು ಅರ್ಧ ಸುತ್ತು ತಿರುಗಿ ನಿಲ್ಲುತ್ತಿದ್ದವು, ಮೂರನೆಯ ಅಥವಾ ನಾಲ್ಕನೆಯ ಸಲಕ್ಕೆ ಯಂತ್ರ ಏಳುತ್ತಿತ್ತು, ಒಮ್ಮೆ ಎದ್ದ ಮೇಲೆ ಮಧ್ಯಾಹ್ನ ಎಷ್ಟು ಸಲ ಆರಿಸಿ ಹಚ್ಚಿದರೂ ತಕರಾರು ಇರಲಿಲ್ಲ. ಸವೆದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳರೋಧ ತಣ್ಣಗಿರುವಾಗ ಇನ್ನಷ್ಟು ಏರುತ್ತದೆ, ಬಿಸಿಯಾದಂತೆ ಇಳಿಯುತ್ತದೆ. ನಾನು ಇದನ್ನು ಬಟನ್ನಿನ ದೋಷವೆಂದು ಭಾವಿಸಿ ಅದರ ತಂತಿ ಬಿಚ್ಚಿ, ಮದರ್‌ಬೋರ್ಡಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟಿಸಿ ನೋಡಿದೆ. ಅದೇ ಅರ್ಧ ಸುತ್ತು.

ಜನವರಿಯಲ್ಲಿ ರೆಂಡರ್ ಮಧ್ಯೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ನೀಲಿ ಪರದೆಯಿಲ್ಲ, ಎಚ್ಚರಿಕೆಯಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿದ್ದು ಕರ್ನಲ್-ಪವರ್ 41 ಎಂಬ ನಮೂದು ಮಾತ್ರ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಚಾಲೂ ಆಯಿತು ಎಂಬುದಷ್ಟೇ ಅದರ ಅರ್ಥ. ಹೆಸರಿನಲ್ಲಿ ಪವರ್ ಎಂದಿದ್ದ ಮಾತ್ರಕ್ಕೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದಾಗುವುದಿಲ್ಲ, ಬಿಸಿ ಹೆಚ್ಚಾದರೂ ರ‍್ಯಾಮ್ ಕೈಕೊಟ್ಟರೂ ಅದೇ ನಮೂದು ಬೀಳಬಹುದು. ಹಾಗಾಗಿ ಒಂದೊಂದನ್ನೇ ಪಕ್ಕಕ್ಕಿಡುತ್ತಾ ಹೋದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿ ಒಂದೂ ದೋಷ ತೋರಿಸಲಿಲ್ಲ. ಪ್ರೊಸೆಸರ್ ತಾಪ 70 ಡಿಗ್ರಿ ದಾಟಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿದ್ದು ಒಂದು ಭಾನುವಾರವನ್ನು ನುಂಗಿತು, ಅಷ್ಟೆ. ಊರಿನ ರಿಪೇರಿ ಅಂಗಡಿಗೆ ಹೊತ್ತೊಯ್ದಾಗ ಅಲ್ಲಿನ ಹುಡುಗ ಹತ್ತು ನಿಮಿಷ ನೋಡಿ, "ಸರ್, ಬೋರ್ಡ್ ಹೋಗಿದೆ, ಈ ಮಾಡೆಲ್ ಈಗ ಸಿಗಲ್ಲ, ಪ್ರೊಸೆಸರ್ ಸಮೇತ ಬದಲಾಯಿಸಿಬಿಡಿ" ಎಂದ. ಎಸ್‌ಎಂಪಿಎಸ್ ಬಗ್ಗೆ ಕೇಳಿದ್ದಕ್ಕೆ ಪೇಪರ್ ಕ್ಲಿಪ್ ಪರೀಕ್ಷೆ ಮಾಡಿ ತೋರಿಸಿದ.

ಆ ಪರೀಕ್ಷೆಯನ್ನು ನಾನೂ ಮನೆಯಲ್ಲಿ ಮಾಡಿದ್ದೆ. ಮದರ್‌ಬೋರ್ಡಿನಿಂದ 24 ಪಿನ್ನಿನ ಕನೆಕ್ಟರ್ ಕಿತ್ತು, ಹದಿನಾರನೆಯ ಪಿನ್ನಿನ ಹಸಿರು ತಂತಿಯನ್ನು ಯಾವುದಾದರೊಂದು ಕಪ್ಪು ತಂತಿಗೆ ಕ್ಲಿಪ್‌ನಿಂದ ಜೋಡಿಸಿದರೆ ಎಸ್‌ಎಂಪಿಎಸ್ ಬೋರ್ಡಿನ ಹಂಗಿಲ್ಲದೆ ಚಾಲೂ ಆಗುತ್ತದೆ. (ಈಗಿನ ಹಲವು ಘಟಕಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಬಣ್ಣವನ್ನು ನಂಬದೆ ಪಿನ್ ಎಣಿಸಬೇಕು.) ಫ್ಯಾನ್ ತಿರುಗಿತು, ನಾನು ನಿರಾಳನಾದೆ, ಮೂರು ವಾರ ಹಾಳು ಮಾಡಿಕೊಂಡೆ. ಪೂರ್ತಿ ಸತ್ತ ಎಸ್‌ಎಂಪಿಎಸ್ ಅನ್ನು ಈ ಪರೀಕ್ಷೆ ಹಿಡಿದುಕೊಡುತ್ತದೆ, ಸಾಯುತ್ತಿರುವುದನ್ನು ಅಲ್ಲ. ಒಂದು ಫ್ಯಾನ್ ತಿರುಗಿಸಲು ಎರಡು ಮೂರು ವ್ಯಾಟ್ ಸಾಕು, ನನ್ನ ಯಂತ್ರ ಬೀಳುತ್ತಿದ್ದದ್ದು 250 ದಾಟಿದ ಮೇಲೆ.

ಆದ್ದರಿಂದ ಅಳೆಯುವುದಾದರೆ ಭಾರ ಹಾಕಿಯೇ ಅಳೆಯಬೇಕು. ಖಾಲಿ ಬಿದ್ದಿದ್ದ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರ್‌ನ ಹಳದಿ ತಂತಿಗೆ ಮಲ್ಟಿಮೀಟರಿನ ಕೆಂಪು ಕಡ್ಡಿ, ಕಪ್ಪಿಗೆ ಕಪ್ಪು ಕಡ್ಡಿ ತೂರಿಸಿ, ಅಲುಗದಂತೆ ಟೇಪ್ ಸುತ್ತಿ, ಗ್ರಾಫಿಕ್ಸ್ ಕಾರ್ಡಿಗೆ ಪೂರ್ಣ ಭಾರ ಹಾಕುವ ಫರ್‌ಮಾರ್ಕ್ ಮತ್ತು ಪ್ರೊಸೆಸರ್‌ಗೆ ಹಾಕುವ ಪ್ರೈಮ್ 95 ಎರಡನ್ನೂ ಒಟ್ಟಿಗೆ ಓಡಿಸಿದೆ. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳು ಅನುಸರಿಸುವ ಎಟಿಎಕ್ಸ್ ಮಾನದಂಡದ ಪ್ರಕಾರ 12 ವೋಲ್ಟಿನ ಸಾಲು (ಆ ವೋಲ್ಟೇಜ್ ಒದಗಿಸುವ ತಂತಿಗಳ ಗುಂಪು) ಶೇ. 5ರಷ್ಟು ಮಾತ್ರ ಆಚೀಚೆ ಆಗಬಹುದು, ಅಂದರೆ 11.40ರಿಂದ 12.60ರವರೆಗೆ. ಮೀಟರ್ 11.86 ತೋರಿಸಿತು. ಅಂಗಡಿಯ ಹುಡುಗನ ಮಾತೇ ನಿಜವಿರಬೇಕು ಎಂದುಕೊಂಡು ಹೊಸ ಬೋರ್ಡಿನ ಬೆಲೆ ವಿಚಾರಿಸತೊಡಗಿದ್ದೆ. ಆಗ ಮೀಟರಿನ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಪುಟ್ಟ ಚಿತ್ರವೊಂದು ಮಿನುಗುತ್ತಿರುವುದು ಕಣ್ಣಿಗೆ ಬಿತ್ತು. ಅಗ್ಗದ ಮೀಟರುಗಳಲ್ಲಿ ಒಳಗಿನ ಬ್ಯಾಟರಿ ಕುಂದಿದರೆ ಅಳತೆ ಇರುವುದಕ್ಕಿಂತ ಹೆಚ್ಚು ಬರುವುದುಂಟು. ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ಅದೇ ಜಾಗದಲ್ಲಿ, ಅದೇ ಭಾರದಲ್ಲಿ ನೋಡಿದರೆ 11.34. ಹತ್ತು ನಿಮಿಷ ಬಿಟ್ಟು 11.27. ಕಡ್ಡಿಯನ್ನು ಕೆಂಪು ತಂತಿಗೆ ಬದಲಾಯಿಸಿದರೆ 5 ವೋಲ್ಟಿನ ಸಾಲು ಮೇಲೇರಿ 5.19ಕ್ಕೆ ಬಂದಿತ್ತು. ನಾನು ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿರುವಾಗಲೇ ಟಪ್ ಎಂದು ಯಂತ್ರ ಆರಿತು.

ಒಂದು ಸಾಲು ಇಳಿದಾಗ ಇನ್ನೊಂದು ಏರುವುದು ಈ ಘಟಕದ ರಚನೆಯನ್ನೂ ತಿಳಿಸುತ್ತದೆ. ಹಳೆಯ ಮಾದರಿಯ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 12 ಮತ್ತು 5 ವೋಲ್ಟಿನ ಸಾಲುಗಳಿಗೆ ಒಂದೇ ನಿಯಂತ್ರಣವಿರುತ್ತದೆ. ಈಗಿನ ಯಂತ್ರಗಳು ಹೆಚ್ಚುಕಡಿಮೆ ಎಲ್ಲ ಶಕ್ತಿಯನ್ನೂ 12ರಿಂದಲೇ ಎಳೆಯುವುದರಿಂದ ಅಲ್ಲಿ ತೂಕ ತಪ್ಪುತ್ತದೆ. ಕ್ಷಣಾರ್ಧದ ಕುಸಿತಗಳನ್ನಾಗಲಿ, ಸಾಲಿನ ಮೇಲಿನ ಅಲೆಯನ್ನಾಗಲಿ ಮಲ್ಟಿಮೀಟರ್ ಸರಿಯಾಗಿ ತೋರಿಸಲಾರದು, ಅದಕ್ಕೆ ಆಸಿಲೋಸ್ಕೋಪ್ ಬೇಕು. ಹಾಗಾಗಿ ಅಂಕಿ ಮಿತಿಯೊಳಗಿದ್ದರೆ ಎಸ್‌ಎಂಪಿಎಸ್ ನಿರ್ದೋಷಿ ಎನ್ನಲಾಗದು, ಆದರೆ ಮಿತಿ ಮೀರಿದ್ದರೆ ಮತ್ತೆ ವಾದಕ್ಕೆ ಎಡೆಯಿಲ್ಲ. ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಅಂದರೆ ಬಯಾಸ್‌ನಲ್ಲಿ, ಕಾಣುವ ವೋಲ್ಟೇಜ್ ಅನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅಲ್ಲಿ ಯಂತ್ರದ ಮೇಲೆ ಭಾರವೇ ಇರುವುದಿಲ್ಲ.

ಖಚಿತ ಮಾಡಿಕೊಳ್ಳಲು ತಂಗಿಯ ಮಗನ ಯಂತ್ರದಿಂದ 650 ವ್ಯಾಟಿನ ಎಸ್‌ಎಂಪಿಎಸ್ ಎರಡು ದಿನದ ಮಟ್ಟಿಗೆ ತಂದು ಹಾಕಿದೆ. "ಮಾವ, ನನ್ನ ಕೇಬಲ್‌ಗಳನ್ನೇ ಹಾಕು, ನಿನ್ನ ಹಳೇದು ಬೇಡ" ಎಂದು ಅವನು ಹೇಳಿದ್ದು ಸರಿಯಾದ ಮಾತು: ಕಳಚಿ ಜೋಡಿಸುವ ಕೇಬಲ್‌ಗಳಲ್ಲಿ ಎಸ್‌ಎಂಪಿಎಸ್ ಬದಿಯ ಪಿನ್‌ಗಳ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ, ಅದಲುಬದಲಾದರೆ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಅಂದು ರಾತ್ರಿ ಐದೂವರೆ ಗಂಟೆಯ ರೆಂಡರ್ ನಿಲ್ಲದೆ ಮುಗಿಯಿತು. ಬೆಳಗ್ಗೆ ಗೋಡೆಯ ಸ್ವಿಚ್ ಆರಿಸಿದಾಗ ಯುಪಿಎಸ್ ಕೂಗಿತು, ಕಂಪ್ಯೂಟರ್ ಅಲುಗಲಿಲ್ಲ.

ಹಳೆಯದನ್ನು ನಾನು ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಆದರೆ ಫ್ಯಾನಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ತಂತಿಗಳು ಹೊರಬರುವ ಕಡೆ ಒಂದು ಕೆಪಾಸಿಟರ್‌ನ ನೆತ್ತಿ ಉಬ್ಬಿ, ಬೆಲ್ಲದ ಪಾಕ ಒಣಗಿದಂತೆ ಕಂದು ಕಲೆ ಕೂತಿದ್ದು ಕಂಡಿತು. ಅದರ ಸುತ್ತ ಬೆರಳು ದಪ್ಪದ ಧೂಳು. ಧೂಳಿನ ಹೊಣೆ ನನ್ನದೇ: ಕ್ಯಾಬಿನೆಟ್ ನೆಲದ ಮೇಲಿತ್ತು, ಎಸ್‌ಎಂಪಿಎಸ್ ಗಾಳಿ ಎಳೆಯುವುದು ಕೆಳಗಿನಿಂದ, ಆ ಫಿಲ್ಟರನ್ನು ಎರಡು ವರ್ಷದಿಂದ ತೊಳೆದಿರಲಿಲ್ಲ. ತಾಪ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರ್‌ನ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ಲೆಕ್ಕ.

ಇನ್ನು ಉತ್ಪನ್ನದ ಬಗ್ಗೆ ನನ್ನ ಅಭಿಪ್ರಾಯ. ಕೊಂಡಾಗ ಬ್ರಾಂಜ್ ಎಂಬ ಗುರುತನ್ನು ನಾನು ಗುಣಮಟ್ಟದ ಮುದ್ರೆಯೆಂದು ಓದಿಕೊಂಡಿದ್ದೆ. ಅದು ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಪೋಲಾಗದೆ ಒಳಗೆ ತಲುಪುತ್ತದೆ ಎಂಬುದನ್ನು ಮಾತ್ರ. ಕೆಪಾಸಿಟರ್ ಎಂಥದ್ದು, ಎಷ್ಟು ವರ್ಷ ಬಾಳುತ್ತದೆ ಎಂಬುದರ ಗೊಡವೆ ಅದಕ್ಕಿಲ್ಲ. ವಾರಂಟಿ ಐದು ವರ್ಷವಿತ್ತು, ತೊಂದರೆ ಶುರುವಾಗುವ ಒಂಬತ್ತು ತಿಂಗಳ ಮೊದಲೇ ಅದು ಮುಗಿದಿತ್ತು. ಕೊಟ್ಟ 3,900 ರೂಪಾಯಿಗೆ ಮೋಸವಾಯಿತು ಎನ್ನಲಾರೆ. ಸಾಯುವಾಗ ಬೋರ್ಡ್, ಕಾರ್ಡ್, ಡಿಸ್ಕ್ ಯಾವುದನ್ನೂ ಜೊತೆಗೆ ಒಯ್ಯಲಿಲ್ಲ ಎಂಬುದಕ್ಕೆ ಅರ್ಧ ಅಂಕ ಹೆಚ್ಚೇ ಕೊಟ್ಟು, ಐದರಲ್ಲಿ ಮೂರೂವರೆ ಎನ್ನುತ್ತೇನೆ. ಅದೇ ಮಾದರಿಯನ್ನು ಮತ್ತೆ ಕೊಳ್ಳುತ್ತೇನೆಯೇ ಎಂದರೆ, ಇಲ್ಲ.

ಈಗ ಹಾಕಿರುವುದು ಏಳು ವರ್ಷ ವಾರಂಟಿಯಿರುವ, 12 ವೋಲ್ಟಿಗೆ ಪ್ರತ್ಯೇಕ ನಿಯಂತ್ರಣವಿರುವ 650 ವ್ಯಾಟಿನದು. ಕ್ಯಾಬಿನೆಟ್ ನೆಲ ಬಿಟ್ಟು ಸ್ಟೂಲ್ ಏರಿದೆ. ಅದರ ಪಕ್ಕದ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿ, ಮೊದಲ ದಿನ ಭಾರವಿಲ್ಲದಾಗ 12.06, ಪೂರ್ಣ ಭಾರದಲ್ಲಿ 12.01 ಎಂದು ತಾರೀಖು ಸಮೇತ ಬರೆದಿಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವ ದಿನವೇ ಅದರ ಕೆಳಗೆ ಹೊಸ ಸಾಲು ಸೇರುತ್ತದೆ, ಮೀಟರಿನ ಬ್ಯಾಟರಿ ನೋಡಿಕೊಂಡ ಮೇಲೆ.