ಮಂಗಳೂರಿಗೆ ಹೋಗದೆ ಸೀದಾ ಕುಂದಾಪುರಕ್ಕೆ: ಪಂಚಗಂಗಾ ಎಕ್ಸ್‌ಪ್ರೆಸ್

ಐದಕ್ಕೆ ನಾಲ್ಕು ಸ್ಟಾರ್. ಬೆಂಗಳೂರಿನಲ್ಲಿ ಕೆಲಸ, ಕುಂದಾಪುರದಲ್ಲಿ ಅಮ್ಮ. ಹಾಗಾಗಿ ಬೆಂಗಳೂರಿಂದ ಕಾರವಾರಕ್ಕೆ ಹೋಗುವ ಈ ರಾತ್ರಿ ರೈಲಿನ ಬಗ್ಗೆ ಮಾತಾಡೋಕೆ ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ಹೊಸಬರಿಗೆ ಇದರ ಬೆಲೆ ಗೊತ್ತಾಗಬೇಕಾದರೆ ಮುಂಚಿನ ಕಥೆ ಹೇಳಬೇಕು. ಆಗಲೂ ಬೆಂಗಳೂರಿಂದ ಕಾರವಾರಕ್ಕೆ ರಾತ್ರಿ ರೈಲು ಇತ್ತು, ಆದರೆ ಅದು ಕಣ್ಣೂರಿಗೆ ಹೋಗುವ ಬೋಗಿಗಳ ಜೊತೆ ಒಂದೇ ರೈಲಾಗಿ ಬರುತ್ತಿತ್ತು, ವಾರದಲ್ಲಿ ಕೆಲವು ದಿನ ಮೈಸೂರು ಸುತ್ತಿಕೊಂಡು. ಬೆಳಗ್ಗೆ ಮಂಗಳೂರು ಸೆಂಟ್ರಲ್ ತಲುಪಿದ ಮೇಲೆ ಶುರು ನೋಡಿ ನಾಟಕ. ಅಲ್ಲಿ ಹಳಿ ಮುಗಿಯುತ್ತದೆ. ಕಣ್ಣೂರಿನ ಬೋಗಿ ಬೇರೆ, ಕಾರವಾರದ ಬೋಗಿ ಬೇರೆ ಮಾಡಬೇಕು, ಎಂಜಿನ್ ಈ ತುದಿಗೆ ತರಬೇಕು, ಆಮೇಲೆ ಬಂದ ದಿಕ್ಕಿಗೇ ವಾಪಸ್ ಹೊರಡಬೇಕು. ಬ್ರಶ್ ಮಾಡಿ, ಚಾ ಕುಡಿದು, ಇನ್ನೊಂದು ಚಾ ಕುಡಿದು ಕೂತಿರುವಾಗ ಧಡ್ ಅಂತ ಎಂಜಿನ್ ಬಂದು ತಾಗುತ್ತಿತ್ತು, ಕೈಯಲ್ಲಿದ್ದ ಲೋಟ ಪ್ಯಾಂಟಿನ ಮೇಲೆ. ಅಲ್ಲೇ ಇಳಿದು ಬಸ್ ಹಿಡಿದು ಹೋದವರು ನಮಗಿಂತ ಮೊದಲು ಉಡುಪಿ ಸೇರುತ್ತಿದ್ದರು, ಅಂದರೆ ಲೆಕ್ಕ ಹಾಕಿ.

ಪಂಚಗಂಗಾ ಇದನ್ನೆಲ್ಲ ಬಿಟ್ಟಿತು. 2017ರಲ್ಲಿ ಶುರುವಾದ ಕುಣಿಗಲ್–ಶ್ರವಣಬೆಳಗೊಳದ ಹಳಿಯಲ್ಲಿ ಹಾಸನಕ್ಕೆ ಬರುತ್ತದೆ, ಮೈಸೂರಿನ ದಾರಿಗಿಂತ 70 ಕಿಲೋಮೀಟರ್‌ಗೂ ಜಾಸ್ತಿ ಉಳಿತಾಯ. ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಬಂಟ್ವಾಳ ಆದ ಮೇಲೆ ಮಂಗಳೂರು ನಿಲ್ದಾಣಕ್ಕೆ ಹೋಗದೆ ಪಡೀಲ್ ಬೈಪಾಸಿನಲ್ಲಿ ತಿರುಗಿ ಸೀದಾ ಸುರತ್ಕಲ್ ಕಡೆ. ಅಷ್ಟೇ. ಈ ಒಂದು ತಿರುವಿಗಾಗಿ ಕರಾವಳಿಯ ಜನ ವರ್ಷಗಟ್ಟಲೆ ಮನವಿ ಕೊಟ್ಟಿದ್ದರು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ ಮಾತ್ರ ಯಾರೂ ಅವಸರ ಮಾಡುವ ಹಾಗಿಲ್ಲ. 57 ಸುರಂಗ, 50 ಅಡಿಗೆ ಒಂದಡಿ ಇಳಿಜಾರು, ರೈಲು ತೆವಳಿಕೊಂಡೇ ಇಳಿಯಬೇಕು. ಬ್ರೇಕಿನ ಕಿರ್ ಸದ್ದಿಗೆ ಎಚ್ಚರಾದರೆ ಕಿಟಕಿ ಸಂದಿಂದ ತಣ್ಣನೆಯ ಹಸಿ ಮಣ್ಣಿನ ವಾಸನೆ ಬರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಕತ್ತಲು. ಘಾಟಿ ನೋಡಲೇಬೇಕು ಅನ್ನುವವರು ಹಗಲಿನ ರೈಲು ಹಿಡಿಯಿರಿ.

ಈಗ ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ. ಬೇಗ ಬರೋದು ಹೌದು, ಆದರೆ ಸ್ವಲ್ಪ ಜಾಸ್ತಿಯೇ ಬೇಗ! ಕುಂದಾಪುರಕ್ಕೆ ಬರುವುದು ಕೋಳಿ ಕೂಗುವ ಮುಂಚೆ. ಸ್ಟೇಷನ್ ಇರುವುದು ಮೂಡ್ಲಕಟ್ಟೆಯಲ್ಲಿ, ಪೇಟೆಯಿಂದ ದೂರ. ಅಲಾರಂ ಇಡದೆ ಮಲಗಿದರೆ ಕಥೆ ಮುಗೀತು. ನಾನೊಮ್ಮೆ ಕಣ್ಣು ಬಿಟ್ಟಾಗ ಬೈಂದೂರು. ಅಮ್ಮನಿಗೆ ಫೋನ್ ಮಾಡಿದರೆ, "ಕೊಲ್ಲೂರಿಗೆ ಹೋಯಿ ಕೈ ಮುಗ್ದೇ ಬಾ ಮಗಾ" ಅಂದರು. ಹೋಗಿಯೇ ಬಂದೆ. ಕಾರವಾರ, ಅಂಕೋಲಾದವರಿಗೆ ಈ ತೊಂದರೆಯಿಲ್ಲ, ಬೆಳಕು ಹರಿದ ಮೇಲೆ ಆರಾಮಾಗಿ ಇಳಿಯುತ್ತಾರೆ.

ಬೆಂಗಳೂರಿನಲ್ಲಿ ಸಂಜೆ ಏಳರೊಳಗೆ ಹೊರಡುತ್ತದೆ, ಶುಕ್ರವಾರ ವೈಟ್‌ಫೀಲ್ಡ್ ಕಡೆಯಿಂದ ಬರುವವರು ಮೆಟ್ರೋನೇ ಹಿಡಿಯಿರಿ, ಕ್ಯಾಬ್ ನಂಬಬೇಡಿ. ಮಂಗಳೂರಿನವರಿಗೆ ಇದು ಉಪಯೋಗವಿಲ್ಲ, ಅವರಿಗೆ ಬೇರೆ ರೈಲುಗಳಿವೆ. ಮೈಸೂರಿನಲ್ಲಿರುವ ನಮ್ಮ ಕಡೆಯವರಿಗೆ ಮಾತ್ರ ನಷ್ಟವಾಯಿತು, ಅದು ಬೇಜಾರೇ.

ಇನ್ನು ಹೆಸರು. ಕೊಲ್ಹಾಪುರದ ಪಂಚಗಂಗಾ ಅಂದುಕೊಂಡ ಸಹಪ್ರಯಾಣಿಕರು ಎಷ್ಟೋ ಜನ. ಅಲ್ಲ ಮಾರಾಯ್ರೆ, ಇದು ಕುಂದಾಪುರದ ಪಂಚಗಂಗಾವಳಿ, ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಬಂದು ಸಮುದ್ರ ಸೇರುವ ಜಾಗ.

ಹಬ್ಬದ ಸಮಯದ ಬಸ್ ರೇಟಿಗೆ ಹೋಲಿಸಿದರೆ ಸ್ಲೀಪರ್ ಟಿಕೆಟ್ ಏನೇನೂ ಅಲ್ಲ. ಆದರೆ ಸಿಗಬೇಕಲ್ಲ! ಭಾನುವಾರ ವಾಪಸ್ ಬರುವ ಟಿಕೆಟ್ ಮೊದಲು ಮಾಡಿಸಿ, ಹೋಗುವುದರ ಬಗ್ಗೆ ಆಮೇಲೆ ಯೋಚಿಸಿ.