ಯುದ್ಧ ಕಂಡ ನಾಡಿನಲ್ಲಿ ಮಕ್ಕಳ ರಕ್ತ ಕ್ಯಾನ್ಸರ್: ‘ಕ್ಯಾನ್ಸರ್ ಟುಡೇ’ ಜಾಲತಾಣದ ಪರಿಶೀಲನೆ

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ‘ಕ್ಯಾನ್ಸರ್ ಟುಡೇ’ ಎಂಬ ಜಾಲತಾಣವನ್ನು ನಡೆಸುತ್ತಿದೆ. ಮೈಸೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನಾನು ಇದನ್ನು ತರಗತಿಯಲ್ಲಿ ಬಳಸುತ್ತ ಬಂದಿದ್ದೇನೆ. ಇದಕ್ಕೆ ಶುಲ್ಕವಿಲ್ಲ, ಖಾತೆ ತೆರೆಯಬೇಕಾಗಿಲ್ಲ. 185 ದೇಶಗಳ, 36 ಬಗೆಯ ಕ್ಯಾನ್ಸರ್‌ಗಳ 2022ರ ಅಂದಾಜುಗಳು ಒಂದೇ ಕಡೆ ಸಿಗುತ್ತವೆ. ಅದರ ಎಲ್ಲ ಸೌಲಭ್ಯಗಳನ್ನೂ ಅಳೆಯುವುದು ಈ ಬರಹದ ಉದ್ದೇಶವಲ್ಲ. ಯುದ್ಧ ನಡೆದ ಸೀಮೆಯಲ್ಲಿ ಮಕ್ಕಳಿಗೆ ರಕ್ತ ಕ್ಯಾನ್ಸರ್ ಹೆಚ್ಚಾಗಿ ಬರುತ್ತದೆಯೇ ಎಂದು ಪಾಂಡವಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ಈ ತಾಣ ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲದು ಎಂಬುದಷ್ಟೇ ಇಲ್ಲಿನ ವಿಚಾರ.

ಬಳಕೆ ಸುಲಭ. ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಲ್ಯುಕೇಮಿಯಾ, ಅಂದರೆ ರಕ್ತ ಕ್ಯಾನ್ಸರ್, ಆರಿಸಿ, ವಯಸ್ಸನ್ನು 0ರಿಂದ 14ಕ್ಕೆ ಇಳಿಸಿ, ಹೊಸ ರೋಗಿಗಳ ಪ್ರಮಾಣ ಬೇಕೋ ಸಾವಿನ ಪ್ರಮಾಣ ಬೇಕೋ ಎಂದು ಸೂಚಿಸಿದರೆ ಭೂಪಟದಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಛಾಯೆ ಬರುತ್ತದೆ. ಪಟ್ಟಿಯನ್ನು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಬಹುದು. ಲಕ್ಷಕ್ಕೆ ಇಷ್ಟು ಎಂಬ ದರವನ್ನು ಎರಡು ಬಗೆಯಲ್ಲಿ ಕೊಡುತ್ತಾರೆ. ಒಂದು ನೇರ ದರ, ಇನ್ನೊಂದು ಆಯಾ ದೇಶದ ಜನರ ವಯೋಮಾನದ ವ್ಯತ್ಯಾಸವನ್ನು ಸರಿದೂಗಿಸಿದ ದರ. ದೇಶ ದೇಶಗಳನ್ನು ಹೋಲಿಸುವವರು ಎರಡನೆಯದನ್ನೇ ನೋಡಬೇಕು ಎಂದು ವಿದ್ಯಾರ್ಥಿಗಳಿಗೆ ತಿಳಿಸಿಕೊಡಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಆದರೆ ಆ ವಿದ್ಯಾರ್ಥಿನಿಗೆ ಬೇಕಾಗಿದ್ದದ್ದು ಇರಾಕಿನ ಬಸ್ರಾ. ಇಲ್ಲಿ ಸಿಗುವುದು ಇಡೀ ಇರಾಕ್. ಗಾಜಾ ಪಟ್ಟಿ ಮತ್ತು ಪಶ್ಚಿಮ ದಂಡೆಗಳು ಸಹ ಒಂದೇ ಘಟಕವಾಗಿ ಸೇರಿಹೋಗಿವೆ. ಯುದ್ಧವೋ ಒಂದು ದೇಶದ ಮೇಲೆಲ್ಲ ಸಮನಾಗಿ ಬೀಳುವುದಿಲ್ಲ. 1980ರಿಂದ 1988ರವರೆಗಿನ ಇರಾನ್–ಇರಾಕ್ ಯುದ್ಧ, 1991ರ ಕೊಲ್ಲಿ ಯುದ್ಧ, 2003ರ ಆಕ್ರಮಣ, ಈ ಮೂರರ ಹೊಡೆತವನ್ನೂ ಬಸ್ರಾ ನೇರವಾಗಿ ತಿಂದಿತು. ದೇಶದ ಸರಾಸರಿಯೊಳಗೆ ಅಂಥ ಒಂದು ಜಿಲ್ಲೆಯ ಏರಿಳಿತ ಕರಗಿಹೋದರೆ ನೋಡುವವರಿಗೆ ಏನೂ ನಡೆದಿಲ್ಲವೆಂದೇ ತೋರುತ್ತದೆ.

ಆದ್ದರಿಂದ ಈ ತಾಣದ ಜೊತೆಗೆ ಬಸ್ರಾದ್ದೇ ಅಧ್ಯಯನವೊಂದನ್ನು ಓದಿಸಿದೆ. ಅಲ್ಲಿನ ಆಸ್ಪತ್ರೆಯೊಂದರ ಲ್ಯುಕೇಮಿಯಾ ನೋಂದಣಿಯನ್ನು ಆಧರಿಸಿದ ಈ ಅಧ್ಯಯನವನ್ನು ಅಮೆರಿಕ ಮತ್ತು ಇರಾಕಿನ ಸಂಶೋಧಕರು ಕೂಡಿ ನಡೆಸಿ, 2010ರಲ್ಲಿ ಪ್ರಕಟಿಸಿದರು. 1993ರಿಂದ 2007ರವರೆಗೆ 14 ವರ್ಷದವರೆಗಿನ 698 ಮಕ್ಕಳಲ್ಲಿ ಈ ರೋಗ ದಾಖಲಾಗಿತ್ತು. 15 ವರ್ಷಗಳಲ್ಲಿ ದರ ಎರಡು ಪಟ್ಟಿಗೂ ಮೀರಿ ಏರಿತ್ತು. ಆ ಏರಿಕೆಗೆ ಕಾರಣ ಯಾವುದೆಂಬುದನ್ನು ಅಧ್ಯಯನ ತೀರ್ಮಾನಿಸಲಿಲ್ಲ. ಶಂಕಿಸಬಹುದಾದ ಕಾರಣಗಳಲ್ಲಿ, ಪೆಟ್ರೋಲಿಯಂನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ರಕ್ತ ಕ್ಯಾನ್ಸರ್ ತರಬಲ್ಲದು ಎಂಬುದು ಸಿದ್ಧವಾದ ಸಂಗತಿ. ವಿಕಿರಣದ ವಿಷಯದಲ್ಲಿ ಹಿರೋಶಿಮಾ, ನಾಗಾಸಾಕಿಗಳ ಅನುಭವವೇ ಇದೆ. ಅಲ್ಲಿ ಬದುಕುಳಿದವರಲ್ಲಿ ರಕ್ತ ಕ್ಯಾನ್ಸರ್ ಕೆಲವೇ ವರ್ಷಗಳಲ್ಲಿ ಹೆಚ್ಚಾಯಿತು, ಎಳೆಯ ವಯಸ್ಸಿನಲ್ಲಿ ವಿಕಿರಣಕ್ಕೆ ಒಡ್ಡಿಕೊಂಡವರಲ್ಲಿ ಇನ್ನೂ ಹೆಚ್ಚು. ಬಸ್ರಾದ ಸುತ್ತ ಬಳಕೆಯಾದ ಕ್ಷೀಣ ಯುರೇನಿಯಂ (ಅಲ್ಪ ವಿಕಿರಣ ಸೂಸುವ ಭಾರ ಲೋಹ) ಮದ್ದುಗುಂಡುಗಳ ಮೇಲೆ ಅನುಮಾನ ಬಲವಾಗಿ ಬಿದ್ದಿದೆ, ಆದರೆ ಅನುಮಾನವನ್ನು ಪುರಾವೆ ಎನ್ನಲಾಗದು.

ಇಲ್ಲಿ ರೋಗಿಗಳ ಸಂಖ್ಯೆಯೆಂಬ ಅಂಶವನ್ನಷ್ಟೇ ನೋಡಿದರೆ ಸಾಲದು, ಒಟ್ಟು ಮಕ್ಕಳ ಸಂಖ್ಯೆಯೆಂಬ ಛೇದವನ್ನೂ ನೋಡಬೇಕು. 1997ರ ನಂತರ ಇರಾಕಿನಲ್ಲಿ ಮತ್ತೆ ಜನಗಣತಿ ನಡೆದದ್ದು 2024ರಲ್ಲಿ. ನಡುವೆ ಲಕ್ಷಾಂತರ ಜನ ಊರು ಬಿಟ್ಟರು, ಬೇರೆ ಕಡೆಯಿಂದ ಬಂದು ನೆಲೆಸಿದರು. ಬಸ್ರಾದಲ್ಲಿ ಮಕ್ಕಳೆಷ್ಟಿದ್ದರು ಎಂಬುದೇ ಅಂದಾಜಾದಾಗ ಲಕ್ಷಕ್ಕೆ ಇಷ್ಟು ಎಂಬ ದರವೂ ಅಂದಾಜೇ. ಇದನ್ನು ನಮ್ಮ ಕಡೆಯ ಉದಾಹರಣೆಯಿಂದಲೇ ವಿವರಿಸಿದೆ. ನಾಗಮಂಗಲದ ಮಗುವೊಂದಕ್ಕೆ ಜ್ವರ ಬಿಡದೆ, ಮೈಮೇಲೆ ನೀಲಿ ಕಲೆಗಳೆದ್ದು, ಮಂಡ್ಯದ ಮಿಮ್ಸ್‌ನಲ್ಲಿ ರಕ್ತ ಪರೀಕ್ಷೆಯಾಗಿ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿಗೆ ಕಳುಹಿಸಿದರು ಎಂದಿಟ್ಟುಕೊಳ್ಳೋಣ. ಆ ಮಗು ಕಿದ್ವಾಯಿ ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗುತ್ತದೆ, ಬೆಂಗಳೂರು ನಗರದ ನಿವಾಸಿಗಳಲ್ಲಿ ಕ್ಯಾನ್ಸರ್ ಬಂದವರನ್ನಷ್ಟೇ ಎಣಿಸುವ ಜನಸಂಖ್ಯಾ ನೋಂದಣಿಯಲ್ಲಿ ದಾಖಲಾಗುವುದಿಲ್ಲ. ಶಾಂತಿಯಿರುವ ನಾಡಿನಲ್ಲೇ ಲೆಕ್ಕ ಹೀಗಿರುವಾಗ, ರಸ್ತೆ ಮುಚ್ಚಿ ಆಸ್ಪತ್ರೆಯೇ ಒಡೆದುಹೋದ ಊರಿನಲ್ಲಿ ಎಷ್ಟು ಮಕ್ಕಳು ರಕ್ತ ಪರೀಕ್ಷೆಯವರೆಗೂ ತಲುಪದೆ, ಸೋಂಕಿನಿಂದಲೋ ರಕ್ತಹೀನತೆಯಿಂದಲೋ ತೀರಿಕೊಂಡವರ ಪಟ್ಟಿಗೆ ಸೇರಿಹೋಗುತ್ತಾರೆ ಎಂಬುದನ್ನು ಯೋಚಿಸಬೇಕು. ಭೂಪಟದಲ್ಲಿ ತೆಳುವಾಗಿ ಕಾಣುವ ದೇಶ ಆರೋಗ್ಯವಾಗಿದೆ ಎಂದು ಓದುವುದು ದೊಡ್ಡ ತಪ್ಪು.

ತಾಣದ ಮಿತಿಗಳನ್ನು ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಬರೆದಿದೆ, ಅದು ಮೆಚ್ಚತಕ್ಕ ಮಾತು. ಸರಿಯಾದ ನೋಂದಣಿ ಇಲ್ಲದ ದೇಶಗಳಿಗೆ ನೆರೆಯ ದೇಶಗಳ ದರಗಳನ್ನು ಆಧರಿಸಿ ಅಂದಾಜು ಮಾಡಲಾಗುತ್ತದೆ. ಬೇರೆ ಬೇರೆ ವರ್ಷಗಳ ಆವೃತ್ತಿಗಳನ್ನು ಹೋಲಿಸಿ ರೋಗ ಏರಿತು, ಇಳಿಯಿತು ಎನ್ನಬಾರದೆಂಬ ಎಚ್ಚರಿಕೆಯೂ ಇದೆ. ಹಾಗಾಗಿ ಯುದ್ಧದ ಮುಂಚೆ ಎಷ್ಟಿತ್ತು, ನಂತರ ಎಷ್ಟಾಯಿತು ಎಂಬ ಪ್ರಶ್ನೆಯನ್ನು ಇಲ್ಲಿ ಕೇಳುವಂತೆಯೇ ಇಲ್ಲ. ಆದರೆ ಈ ವಿವರಗಳೆಲ್ಲ ವಿಧಾನದ ಪುಟದಲ್ಲಿವೆ, ಭೂಪಟದ ಮೇಲಿಲ್ಲ. ಎಣಿಸಿ ಬಂದ ಸಂಖ್ಯೆಗೂ ಎರವಲು ದರದಿಂದ ಬಂದ ಸಂಖ್ಯೆಗೂ ಒಂದೇ ಬಗೆಯ ಬಣ್ಣ ಬಳಿಯುವ ಬದಲು, ಎರಡನೆಯದಕ್ಕೆ ಗೆರೆ ಹಾಕಿ ತೋರಿಸಿದ್ದರೆ ಪತ್ರಿಕೆಯವರೂ ವಿದ್ಯಾರ್ಥಿಗಳೂ ಎಡವುವುದು ತಪ್ಪುತ್ತಿತ್ತು. ಲ್ಯುಕೇಮಿಯಾವನ್ನು ಒಂದೇ ರೋಗವೆಂಬಂತೆ ಒಟ್ಟುಗೂಡಿಸಿರುವುದು ಇನ್ನೊಂದು ಕೊರತೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಬಗೆಯನ್ನೂ ಬೆಂಜೀನ್‌ನೊಂದಿಗೆ ಹೆಚ್ಚು ನಂಟಿರುವ ಮೈಲಾಯ್ಡ್ ಬಗೆಯನ್ನೂ ಬೇರ್ಪಡಿಸದೆ ಕಾರಣದ ಚರ್ಚೆ ಮುಂದೆ ಸಾಗುವುದಿಲ್ಲ.

ದೇಶಗಳ ಸ್ಥೂಲ ಹೋಲಿಕೆಗೆ, ತರಗತಿಯ ಪಾಠಕ್ಕೆ ಈ ತಾಣವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಯುದ್ಧಪೀಡಿತ ಪ್ರದೇಶದ ಮಕ್ಕಳ ಬಗ್ಗೆ ಬರೆಯುವವರು ಮಾತ್ರ ಆ ದೇಶದ ಅಂದಾಜು ಹೇಗೆ ಬಂತೆಂಬ ವಿವರವನ್ನು ಮೊದಲು ಓದಿಕೊಳ್ಳಬೇಕು. ಮಕ್ಕಳ ಕ್ಯಾನ್ಸರ್‌ಗೆಂದೇ ಇದೇ ಸಂಸ್ಥೆ ಹೊರತಂದಿರುವ ಪ್ರತ್ಯೇಕ ಸಂಕಲನ ನೋಂದಣಿಗಳಿಂದ ಬಂದ ಪ್ರಕರಣಗಳನ್ನೇ ಆಧರಿಸಿದ್ದು, ಲ್ಯುಕೇಮಿಯಾದ ಬಗೆಗಳನ್ನು ಬಿಡಿಸಿ ಕೊಡುತ್ತದೆ. 2001ರಿಂದ 2010ರ ಅವಧಿಗೆ ಅದು ಕೊಡುವ ಲ್ಯುಕೇಮಿಯಾದ ಜಾಗತಿಕ ದರ 14 ವರ್ಷದವರೆಗಿನ ಹತ್ತು ಲಕ್ಷ ಮಕ್ಕಳಿಗೆ ವರ್ಷಕ್ಕೆ ಸುಮಾರು 46. ಬಸ್ರಾದ ಅಂಕಿಗಳನ್ನು ತೂಗಿ ನೋಡಲು ನನ್ನ ವಿದ್ಯಾರ್ಥಿಗಳು ಈಗ ಇಟ್ಟುಕೊಂಡಿರುವುದು ಇದೇ ದರವನ್ನು.