ಹಿಮವಿಲ್ಲದ ತಿಂಗಳುಗಳಲ್ಲಿ ಸ್ಕೀ ಅಭ್ಯಾಸ: ಕೋಲು ಹಿಡಿದು ಗುಡ್ಡವೋ, ರೋಲರ್ ಸ್ಕೀಯೋ, ಯಂತ್ರವೋ?

ಅಮೆರಿಕದ ಮಿನ್ನೆಸೋಟ ರಾಜ್ಯದ ಹೈಸ್ಕೂಲುಗಳಲ್ಲಿ ಕ್ರಾಸ್ ಕಂಟ್ರಿ ಸ್ಕೀ ತಂಡದ ಅಭ್ಯಾಸ ನವೆಂಬರ್ ಮಧ್ಯದಲ್ಲಿ ಶುರುವಾಗುತ್ತದೆ. ಫೆಬ್ರವರಿ ಮಧ್ಯದಲ್ಲಿ ಬಿವಾಬಿಕ್ ಹತ್ತಿರದ ಸ್ಕೀ ತಾಣ ಜೈಂಟ್ಸ್ ರಿಡ್ಜ್‌ನಲ್ಲಿ ರಾಜ್ಯ ಮಟ್ಟದ ಸ್ಪರ್ಧೆ ನಡೆದರೆ ಮುಗಿಯಿತು. ಬರೀ ಮೂರು ತಿಂಗಳು. ಆದರೆ ಆ ಮೂರು ತಿಂಗಳಲ್ಲಿ ಯಾರು ಮುಂದೆ ಇರುತ್ತಾರೆ ಅನ್ನೋದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರು ಏನು ಮಾಡಿದರು ಅನ್ನೋದರ ಮೇಲೆ ನಿಂತಿರುತ್ತದೆ. ಇದು ಅರ್ಥವಾಗಲು ನಮಗೆ ಒಂದು ಇಡೀ ಸೀಸನ್ ಬೇಕಾಯಿತು.

ನಾವಿರುವುದು ಅಲ್ಲಿನ ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ಸ್ಕೀ ಅಂದರೆ ಬೆಟ್ಟದ ತುದಿಯಿಂದ ಕೆಳಕ್ಕೆ ಜಾರುವುದು ಅಂತ ನಮ್ಮ ಕಡೆ ಸುಮಾರು ಜನ ಅಂದುಕೊಂಡಿರುತ್ತಾರೆ. ಕ್ರಾಸ್ ಕಂಟ್ರಿ ಹಾಗಲ್ಲ. ಇಲ್ಲಿ ಏರು, ತಗ್ಗು, ಸಮತಟ್ಟು ಎಲ್ಲವನ್ನೂ ನಮ್ಮದೇ ಕೈಕಾಲಿನ ಬಲದಿಂದ ದಾಟಬೇಕು. ಕಾಲನ್ನು ಹಿಮದಲ್ಲಿ ಕೊರೆದ ನೇರ ಹಳಿಯಲ್ಲಿ ಮುಂದಿಟ್ಟು ಹೋಗುವುದು ಕ್ಲಾಸಿಕ್. ಸ್ಕೇಟಿಂಗ್ ತರಹ ಓರೆಯಾಗಿ ತಳ್ಳಿಕೊಂಡು ಹೋಗುವುದು ಸ್ಕೇಟ್. ಶಾಲೆಯ ಮಕ್ಕಳು ಎರಡನ್ನೂ ಕಲಿಯಬೇಕು.

ಮಗಳಿಗೆ 14 ವರ್ಷವಾದಾಗಿನಿಂದ ಮೂರು ಬೇಸಿಗೆ, ಮೂರು ರೀತಿ ಮಾಡಿ ನೋಡಿದೆವು. ಎರಡು ವರ್ಷ ಚಿಕ್ಕವನಾದ ಮಗನೂ ಆಮೇಲೆ ಸೇರಿಕೊಂಡ. ನಾನೂ ಪಕ್ಕದಲ್ಲಿ ಸ್ಕೀ ಕೋಲು ಹಿಡಿದು ನಡೆದಿದ್ದೇನೆ, ಚಕ್ರವಿರುವ ರೋಲರ್ ಸ್ಕೀ ಕಟ್ಟಿಕೊಂಡು ನಿಂತಿದ್ದೇನೆ, ಯಂತ್ರದ ಹಗ್ಗ ಎಳೆದಿದ್ದೇನೆ. ಇಲ್ಲಿನ ಕನ್ನಡದ ಮನೆಗಳಲ್ಲಿ ಸ್ಕೀ ತಂಡಕ್ಕೆ ಸೇರಿದ ಮಕ್ಕಳು ಈಗ ಜಾಸ್ತಿ ಆಗುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: "ರೋಲರ್ ಸ್ಕೀ ಕೊಡಿಸಬೇಕಾ?" ನನ್ನ ಉತ್ತರ: ಮೊದಲ ಬೇಸಿಗೆ ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲ ಬೇಸಿಗೆ, 2022: ಎರಡು ಕೋಲು, ಒಂದು ಗುಡ್ಡ

ಇದಕ್ಕೆ ಬೇಕಾದದ್ದು ಓಟದ ಶೂ ಮತ್ತು ಹಳೆಯ ಒಂದು ಜೊತೆ ಕೋಲು. ಕ್ಲಾಸಿಕ್ ಸ್ಕೀಗೆ ಬಳಸುವ ಕೋಲಿಗಿಂತ ಸ್ವಲ್ಪ ಕಡಿಮೆ ಉದ್ದ ಇದ್ದರೆ ಸರಿ. ಗುಡ್ಡದ ಕೆಳಗೆ ನಿಂತು, ಎಡಗಾಲಿಗೆ ಬಲಗೈ, ಬಲಗಾಲಿಗೆ ಎಡಗೈ ಅಂತ ಕ್ಲಾಸಿಕ್ ಲಯದಲ್ಲೇ ಮೇಲಕ್ಕೆ ಉದ್ದುದ್ದ ಹೆಜ್ಜೆ ಹಾಕುವುದು. ಸ್ವಲ್ಪ ಪಳಗಿದ ಮೇಲೆ ಪ್ರತಿ ಹೆಜ್ಜೆಗೂ ಜಿಗಿಯುವುದು. ನಾರ್ವೆಯವರು ಇದಕ್ಕೆ ಅಲ್ಲಿನ ದೊಡ್ಡ ಕಾಡುಜಿಂಕೆಯ ಹೆಸರು ಇಟ್ಟಿದ್ದಾರೆ. ಒಂದು ಸಲ ಹತ್ತಿದರೆ ಸಾಕು, ಆ ಹೆಸರು ಯಾಕೆ ಬಂತು ಅಂತ ತೊಡೆಗೇ ತಿಳಿಯುತ್ತದೆ.

ನಾವು ಹೋಗುತ್ತಿದ್ದುದು ಸೇಂಟ್ ಪಾಲ್ ಪಕ್ಕದ ಬ್ಯಾಟಲ್ ಕ್ರೀಕ್ ಪಾರ್ಕಿಗೆ. ಅಲ್ಲಿನ ಏರುಗಳು ಗಿಡ್ಡ, ಆದರೆ ಕಡಿದು. ವಾರಕ್ಕೆ ಎರಡು ದಿನ, ಮೊದಮೊದಲು ನಾಲ್ಕು ಸಲ ಹತ್ತಿ ಇಳಿಯುವುದು. ಆಗಸ್ಟ್ ಹೊತ್ತಿಗೆ ಹತ್ತು ಸಲ. ಇಳಿಯುವಾಗ ನಡೆದೇ ಇಳಿಯಬೇಕು, ಉಸಿರು ಪೂರ್ತಿ ತಿರುಗಿ ಬರಬೇಕು. ಉಳಿದ ದಿನ ನಿಧಾನ ಓಟ. ಮಾತಾಡಿಕೊಂಡು ಓಡುವಷ್ಟು ನಿಧಾನ.

ನವೆಂಬರ್‌ನಲ್ಲಿ ಇದರ ಫಲ ಕಾಣಿಸಿತು. ಏರಿನಲ್ಲಿ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಹಿಂದಿನ ವರ್ಷ ಗುಡ್ಡದ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ ಹುಡುಗಿ, ಈ ಸಲ ತುದಿಯವರೆಗೂ ಅದೇ ಲಯದಲ್ಲಿ ಹೋದಳು. ಇನ್ನೊಂದು ಲಾಭ ನಾವು ನೆನೆಸಿಯೇ ಇರಲಿಲ್ಲ. ಮುಂದೆ ಸಾಗಲು ಕಾಲಿನಿಂದ ಕೊಡುವ ಅವಳ ಒದೆತ ಸರಿಯಾದ ಹೊತ್ತಿಗೆ ಬೀಳುತ್ತಿತ್ತು. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ಇಡೀ ಹೋಲಿಕೆ ನಿಂತಿರುವುದೇ ಅದರ ಮೇಲೆ.

ಕೊರತೆಯೂ ಇತ್ತು. ಸಮತಟ್ಟಿನಲ್ಲಿ ಎರಡೂ ಕೋಲನ್ನು ಒಟ್ಟಿಗೆ ಊರಿ ಮೈಯನ್ನು ಮುಂದೆ ತಳ್ಳುವ ಡಬಲ್ ಪೋಲಿಂಗ್ ಇದೆಯಲ್ಲ, ಅದರಲ್ಲಿ ಹಿಂದೆ ಬಿದ್ದಳು. ಏರಿನಲ್ಲಿ ಗಳಿಸಿದ್ದನ್ನು ಸಮತಟ್ಟಿನಲ್ಲಿ ಕಳೆದುಕೊಂಡಳು. ಸ್ಕೇಟ್‌ನಲ್ಲಿ ಒಂದು ಕಾಲಿನ ಮೇಲೆ ಜಾರುತ್ತಾ ನಿಲ್ಲುವ ಸಮತೋಲವೂ ಕಾಲ್ನಡಿಗೆಯಿಂದ ಬರುವುದಿಲ್ಲ.

ಎರಡನೇ ಬೇಸಿಗೆ, 2023: ಡಾಂಬರಿನ ಮೇಲೆ ಚಕ್ರ

ರೋಲರ್ ಸ್ಕೀ ಅಂದರೆ ಮೊಣಕಾಲೆತ್ತರಕ್ಕಿಂತ ತುಸು ಉದ್ದದ ಕಂಬಿ, ಹಿಂದೊಂದು ಮುಂದೊಂದು ಚಕ್ರ. ಮೇಲೆ ಸ್ಕೀ ಬೂಟೇ ಕೂರುತ್ತದೆ. ಕ್ಲಾಸಿಕ್‌ದಕ್ಕೆ ಅಗಲ ಚಕ್ರ, ಸ್ಕೇಟ್‌ದಕ್ಕೆ ತೆಳು ಮತ್ತು ದೊಡ್ಡ ಚಕ್ರ. ಹೊಸ ಜೊತೆಗೆ, ಬೂಟನ್ನು ಹಿಡಿದಿಡುವ ಬೈಂಡಿಂಗ್ ಸೇರಿ, ನಮಗೆ 400 ಡಾಲರ್ ದಾಟಿತು. ಕೋಲಿನ ತುದಿಗೆ ಕಾರ್ಬೈಡ್ ಮೊನೆ ಬೇಕು, ಇಲ್ಲದಿದ್ದರೆ ಡಾಂಬರಿನಲ್ಲಿ ಊರುವುದೇ ಇಲ್ಲ. ಆ ಮೊನೆಯನ್ನು ಆಗಾಗ ಡೈಮಂಡ್ ಅರದಿಂದ ಮಸೆಯಬೇಕು. ಮೊಂಡಾದ ಮೊನೆ ಜಾರಿದರೆ ಭುಜಕ್ಕೆ ಪೆಟ್ಟು. ಹೆಲ್ಮೆಟ್, ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್, ಕೈಗವಸು. ಇವು ಮೂರೂ ಇಲ್ಲದೆ ಮಗುವನ್ನು ರಸ್ತೆಗೆ ಬಿಡಬೇಡಿ.

ಚಕ್ರ ಕೊಳ್ಳುವಾಗ ಒಂದು ಮಾತು. ಚಕ್ರದ ರಬ್ಬರು ವೇಗದ್ದು, ಮಧ್ಯಮ, ನಿಧಾನದ್ದು ಅಂತ ಬೇರೆ ಬೇರೆ ಸಿಗುತ್ತದೆ. ಮಕ್ಕಳು ವೇಗದ್ದು ಕೇಳುತ್ತಾರೆ. ಮಧ್ಯಮವೋ ನಿಧಾನದ್ದೋ ಕೊಡಿಸಿ. ಹಿಮದ ಮೇಲಿನ ವೇಗಕ್ಕೆ ಅದೇ ಹತ್ತಿರ, ಇಳಿಜಾರಿನಲ್ಲೂ ಸ್ವಲ್ಪ ಹಿಡಿತ ಇರುತ್ತದೆ.

ಇಳಿಜಾರು ಅಂದೆನಲ್ಲ. ಹೆಚ್ಚಿನ ರೋಲರ್ ಸ್ಕೀಗಳಿಗೆ ಬ್ರೇಕ್ ಇಲ್ಲ. ಇದನ್ನು ಮತ್ತೆ ಮತ್ತೆ ಹೇಳಬೇಕು ಅನ್ನಿಸುತ್ತದೆ. ಜೂನ್ ಮೂರನೇ ವಾರ ಮಗಳು ಒಂದು ಚಿಕ್ಕ ಇಳಿಜಾರಿನಲ್ಲಿ ಹೋಗುತ್ತಿದ್ದಳು. ಕೆಳಗೆ ತಿರುವು, ತಿರುವಿನಲ್ಲಿ ಪುಡಿ ಜಲ್ಲಿ. ಚಕ್ರ ಜಲ್ಲಿಗೆ ಸಿಕ್ಕಿ ನಿಂತಿತು, ಅವಳು ನಿಲ್ಲಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಹೋಯಿತು. ಮೂಳೆ ಮುರಿಯಲಿಲ್ಲ ಅನ್ನೋದೇ ಪುಣ್ಯ. ಹತ್ತು ದಿನ ಕೋಲು ಹಿಡಿಯಲಾಗಲಿಲ್ಲ. ಅವಳಿಗೆ ಹೋಗುವುದನ್ನು ಕಲಿಸಿದ್ದರು, ನಿಲ್ಲುವುದನ್ನು ಸರಿಯಾಗಿ ಕಲಿಸಿರಲಿಲ್ಲ. ಹಿಮ್ಮಡಿ ಹೊರಕ್ಕೆ ತಳ್ಳಿ ವೇಗ ತಗ್ಗಿಸುವುದು, ಪಕ್ಕದ ಹುಲ್ಲಿಗೆ ಹೆಜ್ಜೆ ಇಟ್ಟು ಓಡಿ ನಿಲ್ಲುವುದು, ಇವೆರಡನ್ನೂ ನಿದ್ದೆಯಲ್ಲೂ ಮಾಡುವಷ್ಟು ಅಭ್ಯಾಸ ಆಗುವವರೆಗೆ ಇಳಿಜಾರಿನ ಸಹವಾಸ ಬೇಡ. ಆಮೇಲೆ ನಾವು ಗೇಟ್‌ವೇ ಟ್ರೇಲ್‌ಗೆ ಹೋದೆವು. ಅದು ಹಳೆಯ ರೈಲು ದಾರಿ, ಹಾಗಾಗಿ ಏರಿಳಿತ ತೀರಾ ಕಡಿಮೆ, ಪಕ್ಕದಲ್ಲಿ ಹುಲ್ಲು. ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಸ್ಕೇಟ್‌ನಲ್ಲಿ ಲಾಭ ನಿಜಕ್ಕೂ ದೊಡ್ಡದು. ಸೆಪ್ಟೆಂಬರ್ ಹೊತ್ತಿಗೆ ಒಂದು ಕಾಲಿನ ಮೇಲೆ ಪೂರ್ತಿ ಮೈಭಾರ ಹಾಕಿ ಹಾಯಾಗಿ ಜಾರುತ್ತಿದ್ದಳು. ಡಬಲ್ ಪೋಲಿಂಗ್‌ನಲ್ಲಿ ತೋಳಿನ ಬದಲು ಹೊಟ್ಟೆಯ ಬಲ ಬಳಸುವುದು ಬಂತು. ಈ ಎರಡನ್ನು ಗುಡ್ಡ ಎಂದೂ ಕಲಿಸುತ್ತಿರಲಿಲ್ಲ.

ಆದರೆ ಕ್ಲಾಸಿಕ್‌ನಲ್ಲಿ ಕೆಟ್ಟಿತು. ಕ್ಲಾಸಿಕ್ ಸ್ಕೀಯ ನಡುಭಾಗ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. ಹಿಮದ ಮೇಲೆ ಹಿಡಿತ ಕೊಡುವ ಮೇಣ, ಅಂದರೆ ವ್ಯಾಕ್ಸ್, ಹಚ್ಚುವುದು ಅಲ್ಲೇ. ಕಾಲು ಮೈಯ ಕೆಳಗೆ ಇರುವಾಗಲೇ, ಚುರುಕಾಗಿ ಕೆಳಕ್ಕೆ ಒತ್ತಿದರೆ ಬಿಲ್ಲು ಚಪ್ಪಟೆಯಾಗಿ ವ್ಯಾಕ್ಸ್ ಹಿಮವನ್ನು ಕಚ್ಚುತ್ತದೆ. ಕಾಲು ಹಿಂದೆ ಹೋದ ಮೇಲೆ ಒತ್ತಿದರೆ ಸ್ಕೀ ಹಿಂದಕ್ಕೆ ಜಾರುತ್ತದೆ. ಈಗ ರೋಲರ್ ಸ್ಕೀ ನೋಡಿ. ಕ್ಲಾಸಿಕ್ ರೋಲರ್ ಸ್ಕೀಯ ಚಕ್ರದಲ್ಲಿ ಹಿಂದಕ್ಕೆ ತಿರುಗದ ಬೇರಿಂಗ್ ಇದೆ. ಯಾವಾಗ ಒದ್ದರೂ ಹಿಡಿಯುತ್ತದೆ. ತಡವಾಗಿ ಒದ್ದರೂ ಸರಿ, ಸೋಮಾರಿತನದಿಂದ ಒದ್ದರೂ ಸರಿ. ತಪ್ಪು ಮಾಡಿದ್ದೇ ತಿಳಿಯುವುದಿಲ್ಲ. ನಾಲ್ಕು ತಿಂಗಳು ಹಾಗೆ ಒದ್ದು ಒದ್ದು ಕಾಲಿಗೆ ಅದೇ ಅಭ್ಯಾಸವಾಯಿತು.

ಹಿಮಕ್ಕೆ ಇಳಿದ ಮೊದಲ ದಿನ ಅವಳು ಏರಿನಲ್ಲಿ ಜಾರಿ ಜಾರಿ ಸುಸ್ತಾದಳು. ವ್ಯಾಕ್ಸ್ ಸರಿಯಿಲ್ಲ ಅಂದುಕೊಂಡು ಮತ್ತೆ ಹಚ್ಚಿದೆವು. ಅದೇ ವ್ಯಾಕ್ಸ್ ಹಚ್ಚಿದ್ದ ಗೆಳತಿ ಜಾರದೆ ಹತ್ತಿ ಹೋದಾಗ ನಿಜ ಕಂಡಿತು. ಸರಿಪಡಿಸಲು ಮೂರು ವಾರ ಹಿಡಿಯಿತು. ಹನ್ನೆರಡು ಹದಿಮೂರು ವಾರದ ಸೀಸನ್‌ನಲ್ಲಿ ಮೂರು ವಾರ ಅಂದರೆ ಸಣ್ಣ ಮಾತಲ್ಲ, ಅಲ್ವಾ? ನೆಲದ ಮೇಲೆ ಶೂ ಹಾಕಿ ಗುಡ್ಡ ಹತ್ತುವಾಗ ತಡವಾಗಿ ಒದ್ದರೆ ಮೈ ಮೇಲಕ್ಕೆ ಹೋಗುವುದೇ ಇಲ್ಲ. ಗುಡ್ಡ ಸುಳ್ಳು ಹೇಳುವುದಿಲ್ಲ. ಚಕ್ರ ಹೇಳುತ್ತದೆ.

ನಡುವೆ ಬಂದ ಯಂತ್ರ

2023-24ರ ಚಳಿಗಾಲ ಇಲ್ಲಿ ಯಾರೂ ಮರೆಯುವುದಿಲ್ಲ. ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು. ಹುಲ್ಲು ಕಂದು ಬಣ್ಣದಲ್ಲೇ ಉಳಿಯಿತು. ಹೈಲ್ಯಾಂಡ್, ಎಲ್ಮ್ ಕ್ರೀಕ್, ಥಿಯೊಡೋರ್ ವರ್ತ್ ಪಾರ್ಕ್‌ಗಳಲ್ಲಿ ಯಂತ್ರದಿಂದ ಹಿಮ ಮಾಡಿ ಹಾಸಿದ ದಾರಿಯ ಮೇಲೆ ಎಲ್ಲ ಶಾಲೆಯ ಮಕ್ಕಳೂ ಒಟ್ಟಿಗೆ ಸುತ್ತುತ್ತಿದ್ದರು. ಜಾಗ ಸಿಗದ ದಿನ ಸ್ಕೀಎರ್ಗ್ ಯಂತ್ರವೇ ಗತಿ. ಗೋಡೆಗೆ ಒರಗಿಸಿದ ಫ್ಯಾನಿನ ಹಾಗೆ ಇರುತ್ತದೆ. ಮೇಲಿನಿಂದ ಎರಡು ಹಿಡಿಗಳನ್ನು ಕೆಳಕ್ಕೆ ಎಳೆಯಬೇಕು. ಎಷ್ಟು ಜೋರಾಗಿ ಎಳೆದರೆ ಅಷ್ಟು ಗಾಳಿಯ ತಡೆ.

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬಲ್ ಪೋಲಿಂಗ್‌ನ ಬಲಕ್ಕೆ ಒಳ್ಳೆಯದು. ಬೀಳುವ ಭಯ ಇಲ್ಲ. ಕಾಲಿಗೆ ಪೆಟ್ಟಾದವರಿಗೆ ವರ. ಆದರೆ ಜಾರುವಿಕೆ ಇಲ್ಲ, ಸಮತೋಲ ಇಲ್ಲ, ಹದಿನೈದರ ಮಗು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದೂ ಇಲ್ಲ. ಮನೆಗೆ ಕೊಳ್ಳಬೇಡಿ. ಶಾಲೆಯ ಜಿಮ್‌ನಲ್ಲಿ ಇದ್ದರೆ ಬಳಸಿ.

ಆ ಚಳಿಗಾಲದಲ್ಲೇ, ಫೆಬ್ರವರಿ 17 ಮತ್ತು 18ರಂದು, ವರ್ತ್ ಪಾರ್ಕ್‌ನಲ್ಲಿ ವಿಶ್ವಕಪ್ ನಡೆಯಿತು. 2001ರ ನಂತರ ಅಮೆರಿಕಕ್ಕೆ ಬಂದ ಮೊದಲ ಕ್ರಾಸ್ ಕಂಟ್ರಿ ವಿಶ್ವಕಪ್ ಅದು. ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಜೆಸ್ಸಿ ಡಿಗ್ಗಿನ್ಸ್ 10 ಕಿಲೋಮೀಟರಿನಲ್ಲಿ ಮೂರನೆಯವರಾಗಿ ಬಂದಾಗ ಸುತ್ತಲಿನವರ ಕೂಗು ಇನ್ನೂ ಕಿವಿಯಲ್ಲಿದೆ. ಅವರು ಇಲ್ಲೇ ಪಕ್ಕದ ಆಫ್ಟನ್‌ನವರು, ಸ್ಟಿಲ್‌ವಾಟರ್ ಹೈಸ್ಕೂಲಿಗೆ ಸ್ಕೀ ಮಾಡಿದವರು, 2018ರಲ್ಲಿ ಕಿಕ್ಕನ್ ರಾಂಡಲ್ ಜೊತೆ ಒಲಿಂಪಿಕ್ ಚಿನ್ನ ಗೆದ್ದವರು. ಇಂದು ಮಗಳು ಓಡುವ ಅದೇ ಶಾಲಾ ಸ್ಪರ್ಧೆಗಳಲ್ಲಿ ಅವರೂ ಓಡಿದ್ದರು. ಅದೇ ತಿಂಗಳು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ಕರ್ನಾಟಕಕ್ಕೆ ಸ್ಕೀಯಿಂಗ್ ಚಿನ್ನ ತಂದರು. ಹಿಮವೇ ಬೀಳದ ನಾಡಿನವರು! ಮಗಳ ಕೋಣೆಯ ಗೋಡೆಯಲ್ಲಿ ಈಗ ಇಬ್ಬರ ಚಿತ್ರವೂ ಇದೆ.

ಮಗನ ಮೊಣಕಾಲು

ಇಷ್ಟು ಕೇಳಿದರೆ ಗುಡ್ಡವೇ ಎಲ್ಲರಿಗೂ ಸರಿ ಅನ್ನಿಸಬಹುದು. ಮಗನ ವಿಷಯದಲ್ಲಿ ಹಾಗಾಗಲಿಲ್ಲ. 2024ರ ಬೇಸಿಗೆಯಲ್ಲಿ ಅವನು ಸರಸರ ಎತ್ತರ ಬೆಳೆಯುತ್ತಿದ್ದ. ಎರಡು ವಾರ ಜಿಗಿದು ಹತ್ತಿದ ಮೇಲೆ ಮೊಣಕಾಲಿನ ಚಿಪ್ಪಿನ ಕೆಳಗೆ ನೋವು, ಸಣ್ಣ ಗಂಟು. ಆಸ್‌ಗುಡ್-ಶ್ಲಾಟರ್ ಅಂದರು ಡಾಕ್ಟರು. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು, ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಎಳೆಯುವುದರಿಂದ ಬರುವ ನೋವು ಅದು. ಜಿಗಿತ ಮತ್ತು ಓಟ ಅದನ್ನು ಹೆಚ್ಚಿಸುತ್ತವೆ. ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಅವನಿಗೆ ಜಿಗಿತ ಪೂರ್ತಿ ನಿಲ್ಲಿಸಿದೆವು. ಕೋಲು ಹಿಡಿದು ನಡಿಗೆ ಮಾತ್ರ, ಅದೂ ನೋವಿಲ್ಲದ ದಿನ. ಈಜು. ಸಮತಟ್ಟಿನಲ್ಲಿ ಅಕ್ಕನ ಹಳೆಯ ರೋಲರ್ ಸ್ಕೀ ಮೇಲೆ ಬರೀ ಡಬಲ್ ಪೋಲಿಂಗ್. ನೆಲಕ್ಕೆ ಕಾಲು ಅಪ್ಪಳಿಸುವುದು ಇಲ್ಲದ್ದರಿಂದ ಮೊಣಕಾಲು ಸುಮ್ಮನಿತ್ತು. ಮಗು ನೋವು ಅಂದರೆ ನಂಬಿ. "ಸ್ವಲ್ಪ ತಡಕೋ" ಅಂತ ನಾನು ಒಂದು ವಾರ ಅಂದಿದ್ದೆ. ಆ ಒಂದು ವಾರಕ್ಕೆ ಈಗಲೂ ಬೇಸರ ಆಗುತ್ತದೆ.

ಮೂರನೇ ಬೇಸಿಗೆ, 2024: ಎರಡನ್ನೂ ಸೇರಿಸಿ

ಮಗಳ ಅದೇ ಬೇಸಿಗೆಯ ವಾರ ಹೀಗಿತ್ತು. ಒಂದು ದಿನ ಕೋಲು ಹಿಡಿದು ಗುಡ್ಡ, ಅದೇ ಜೋರಿನ ದಿನ. ಎರಡು ದಿನ ಸ್ಕೇಟ್ ರೋಲರ್ ಸ್ಕೀ, ನಿಧಾನ. ಕ್ಲಾಸಿಕ್ ರೋಲರ್ ಸ್ಕೀ ಹಾಕಿದರೆ ಡಬಲ್ ಪೋಲಿಂಗ್ ಮಾತ್ರ, ಒದೆತ ಇಲ್ಲ. ಭಾನುವಾರ ಗೆಳತಿಯರ ಜೊತೆ ಎರಡು ಗಂಟೆ ಕಾಡಿನಲ್ಲಿ ಓಟ, ನಡಿಗೆ. ಒಂದು ದಿನ ಪೂರ್ತಿ ಬಿಡುವು. ವಾರಕ್ಕೆ ಆರರಿಂದ ಏಳು ಗಂಟೆ, ಅದರಲ್ಲಿ ಏದುಸಿರು ಬರುವಂಥದ್ದು ಒಂದು ಗಂಟೆಗೂ ಕಡಿಮೆ. ಹಿಂದಿನ ವರ್ಷ ಸೇರಿದ್ದ ಒಂದು ಗುಂಪಿನಲ್ಲಿ ವಾರಕ್ಕೆ ಮೂರು ದಿನ ಜೋರಾಗಿ ಮಾಡಿಸುತ್ತಿದ್ದರು. ಅಕ್ಟೋಬರ್ ಹೊತ್ತಿಗೆ ಅವಳು ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದಳು. ಈ ಸಲ ಹಾಗಾಗಲಿಲ್ಲ.

ನವೆಂಬರ್‌ನಲ್ಲಿ ಹೈಲ್ಯಾಂಡ್‌ನ ಯಂತ್ರದ ಹಿಮದ ಮೇಲೆ ಮೊದಲ ಕ್ಲಾಸಿಕ್ ದಿನ ನಾನು ಏರಿನ ಪಕ್ಕದಲ್ಲೇ ನಿಂತಿದ್ದೆ. ಒಂದು ಸಲವೂ ಜಾರಲಿಲ್ಲ. ಸಮತಟ್ಟಿನಲ್ಲಿ ಕೋಲು ಊರುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು.

ಹಣದ ಲೆಕ್ಕ ಕೇಳುವವರಿಗೆ: ಗುಡ್ಡಕ್ಕೆ ನಾವು ಖರ್ಚು ಮಾಡಿದ್ದು ಒಂದು ಜೊತೆ ಹಳೆಯ ಕೋಲಿಗೆ 25 ಡಾಲರ್. ರೋಲರ್ ಸ್ಕೀ ಬೇಕೇ ಬೇಕು ಅಂದರೆ ಒಂದೇ ಜೊತೆ ಕೊಳ್ಳಿ, ಸ್ಕೇಟ್‌ದು. ಶರತ್ಕಾಲದಲ್ಲಿ ನಡೆಯುವ ಹಳೆಯ ಸಾಮಾನಿನ ಮಾರಾಟಗಳಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಬೇರಿಂಗ್ ಸಲೀಸಾಗಿ ತಿರುಗುತ್ತದಾ, ಚಕ್ರದ ರಬ್ಬರು ಒಂದೇ ಕಡೆ ಸವೆದಿದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿ.

ಮಗನ ಮೊಣಕಾಲಿನ ನೋವು ಈಗ ಹೋಗಿದೆ. ಈ ಜೂನ್‌ನಲ್ಲಿ ಅವನಿಗೆ ಸ್ಕೇಟ್ ರೋಲರ್ ಸ್ಕೀ ಹೇಳಿಕೊಡುವುದು ಅಕ್ಕನೇ. ಮೊದಲ ಮೂರು ದಿನ ಗೇಟ್‌ವೇ ಟ್ರೇಲ್‌ನ ಅಂಚಿನಲ್ಲಿ, ಹುಲ್ಲಿಗೆ ಇಳಿದು ನಿಲ್ಲುವುದು ಮಾತ್ರ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ.